ಗೊಂಬೆಯ ಹೆಸರಿನ ಬಿಡುಗಡೆ

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸದ್ದಿಲ್ಲದ ಬೀದಿ ಅಪರೂಪ. ಅಂಥ ಸದ್ದಿನ ನಡುವೆಯೇ ಪಾಠ ನಡೆಯುವ ಒಂದು ಶಾಲೆಯಲ್ಲಿ, ಯಾವುದೋ ಕಚೇರಿಯವರು ಬಳಸಿ ಬೇಡವೆಂದು ಕೊಟ್ಟ ಆರು ಗಣಕಯಂತ್ರಗಳುಂಟು. ಅವುಗಳ ಆರೈಕೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. 2025ರ ಆಗಸ್ಟ್ 9ರಂದು ಡೆಬಿಯನ್ ಎಂಬ ಸಮುದಾಯವು ತನ್ನ 13ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ, ಆ ಸುದ್ದಿಯನ್ನೂ ಜೊತೆಗಿನ ಟಿಪ್ಪಣಿಯನ್ನೂ ನಾನು ಓದಿದ್ದು ಆ ಆರು ಯಂತ್ರಗಳ ಸಲುವಾಗಿಯೇ. ಟಿಪ್ಪಣಿಯ ಒಂದೆಡೆ ಕಣ್ಣು ನಿಂತಿತು. 32 ಬಿಟ್‌ನ ಹಳೆಯ ವ್ಯವಸ್ಥೆಯುಳ್ಳವರು ಈ ಆವೃತ್ತಿಗೆ ಬರಬಾರದು. ಸಾಧ್ಯವಿದ್ದರೆ 64 ಬಿಟ್‌ನದನ್ನು ಹೊಸದಾಗಿ ಹಾಕಿಕೊಳ್ಳಬೇಕು, ಇಲ್ಲವೇ ಯಂತ್ರಕ್ಕೆ ನಿವೃತ್ತಿ ಕೊಡಬೇಕು ಎಂಬುದು ಅದರ ತಾತ್ಪರ್ಯ.

ನಮ್ಮ ಆರು ಯಂತ್ರಗಳಲ್ಲಿಯೂ ಇದ್ದುದು 32 ಬಿಟ್‌ನ ವ್ಯವಸ್ಥೆ.

ಡೆಬಿಯನ್ ಎಂದರೇನು ಎಂದು ತಾವು ಕೇಳಬಹುದು. ಅದೊಂದು ಆಪರೇಟಿಂಗ್ ಸಿಸ್ಟಂ. ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೇಸ್ತ್ರಿ. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಇದನ್ನು ಆರಂಭಿಸಿದನು. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಎಂದನು. ಇದಕ್ಕೆ ಮಾಲೀಕರಿಲ್ಲ. ಜಗತ್ತಿನ ನಾನಾ ಕಡೆಯ ಸುಮಾರು ಒಂದು ಸಾವಿರ ಸ್ವಯಂಸೇವಕರು ಇದನ್ನು ಕಟ್ಟಿ ನಿಲ್ಲಿಸಿದ್ದಾರೆ. ಬರೆದದ್ದೆಲ್ಲ ಬಯಲಿನಲ್ಲಿರುತ್ತದೆ, ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೆಸರಾಂತ ಉಬುಂಟು ಇದರ ಮೇಲೆ ಕಟ್ಟಿದ್ದು. ಭಾರತೀಯ ಭಾಷೆಗಳಿಗೆಂದು ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಲಿನಕ್ಸ್‌ನ ಅಡಿಪಾಯವೂ ಇದೇ.

ಇದರ ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಚಲನಚಿತ್ರದ ಗೊಂಬೆಗಳ ಹೆಸರು. 13ನೆಯದು ಟ್ರಿಕ್ಸಿ, ಅದಕ್ಕೆ ಹಿಂದಿನದು ಬುಕ್‌ವರ್ಮ್. ಆ ಚಿತ್ರವನ್ನು ತೆಗೆದ ಪಿಕ್ಸಾರ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಬ್ರೂಸ್ ಪೆರೆನ್ಸ್ ಒಮ್ಮೆ ಡೆಬಿಯನ್ನಿನ ನಾಯಕರಾಗಿದ್ದರು. ಹೆಸರುಗಳ ಮೂಲ ಅದು. ಮೊದಲು ನನಗಿದು ಹುಡುಗಾಟವೆನಿಸಿತ್ತು. ಆದರೆ ಹೊಸ ಸರಕೆಲ್ಲ ಮೊದಲು ಬಂದು ಬೀಳುವ, ಯಾವಾಗ ಕೆಡುತ್ತದೆಂದು ಹೇಳಲಾಗದ ಶಾಖೆಯ ಹೆಸರು ಸಿಡ್ ಎಂದು ತಿಳಿದಾಗ ನಕ್ಕೆ. ಚಿತ್ರದಲ್ಲಿ ಸಿಡ್ ಎಂದರೆ ಗೊಂಬೆಗಳನ್ನು ಮುರಿದುಹಾಕುವ ನೆರೆಮನೆಯ ಪೋರ!

ಸಿಡ್‌ನಲ್ಲಿ ಬಿದ್ದ ಸರಕು ಕೆಲವು ದಿನ ತಾಳಿ ನಿಂತರೆ ಪರೀಕ್ಷೆಯ ಶಾಖೆಗೆ ಬರುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಶಾಖೆಗೆ ಬೀಗ ಬೀಳುತ್ತದೆ. ಟ್ರಿಕ್ಸಿಗೆ ಆ ಕ್ರಮ ಮೊದಲಾದದ್ದು 2025ರ ಮಾರ್ಚ್ 15ರಂದು, ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ನಮ್ಮೂರಿನವರಿಗೆ ಇದನ್ನು ಮಗ್ಗದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹಾಸನ್ನು ಮಗ್ಗಕ್ಕೇರಿಸಿದ ಮೇಲೆ ಎಳೆಗಳ ಲೆಕ್ಕವನ್ನು ಬದಲಿಸುವಂತಿಲ್ಲ; ಕಡಿದ ಎಳೆಯನ್ನು ಗಂಟು ಹಾಕಬಹುದು, ಅಷ್ಟೆ. ಆ ತಿಂಗಳುಗಳಲ್ಲಿ ಇವರು ಮಾಡುವುದು ಗಂಟು ಹಾಕುವ ಕೆಲಸ.

ಈ ನಿಧಾನವನ್ನು ಹಳಿಯುವವರುಂಟು. ನಾನೂ ಹಳಿದವನೇ. 2024ರ ಮಾರ್ಚ್ 29ರ ಬಳಿಕ ಹಳಿಯುವುದನ್ನು ಬಿಟ್ಟೆ. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವೊಂದಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ ಸ್ವಯಂಸೇವಕರು, ದಣಿದವರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮಿಕ್ಕಿ ಅವರಿಗೆ ನೆರವಾಗುತ್ತ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲನ್ನಿಟ್ಟರು. ಆಂಡ್ರೆಸ್ ಫ್ರೊಯಿಂಡ್ ಎಂಬ ತಂತ್ರಜ್ಞರು ತಮ್ಮ ಡೆಬಿಯನ್ ಸಿಡ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಗೊಂಡು ಬೆನ್ನುಹತ್ತಿದರು, ಕಳ್ಳಬಾಗಿಲು ಸಿಕ್ಕಿತು. ಅದಾಗಲೇ ಸಿಡ್‌ಗೂ ಪರೀಕ್ಷೆಯ ಶಾಖೆಗೂ ಬಂದಿತ್ತು. ಸ್ಥಿರ ಆವೃತ್ತಿಯನ್ನು, ಎಂದರೆ ನಮ್ಮ ಶಾಲೆಯಲ್ಲಿದ್ದ ಬುಕ್‌ವರ್ಮನ್ನು, ಮುಟ್ಟಿರಲಿಲ್ಲ.

ಇನ್ನು 32 ಬಿಟ್‌ನ ಮಾತು. ಈ ಬಗೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ತಿಳಿಯುತ್ತವೆ. ಎಣಿಕೆಯನ್ನು ಬರೆದಿಡಲು 32 ಮನೆಗಳು. ಕೂಡು ಕಳೆ ಚಿಹ್ನೆಗೆ ಒಂದು ಮನೆ ಹೋದರೆ, ಉಳಿದವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಯಂತ್ರವು ತಾನು 1901ರಲ್ಲಿರುವೆನೆಂದು ಭ್ರಮಿಸುತ್ತದೆ. ಟ್ರಿಕ್ಸಿಯಲ್ಲಿ ಉಳಿದೆಲ್ಲ ಬಗೆಯ ಯಂತ್ರಗಳಿಗೂ ಕಾಲಗಣನೆಯನ್ನು 64 ಬಿಟ್‌ಗೆ ಹಿಗ್ಗಿಸಿದರು. ಹಳೆಯ ಇಂಟೆಲ್ ಬಗೆಯೊಂದನ್ನು, ಹಳೆಯ ತಂತ್ರಾಂಶಗಳು ಓಡಲೆಂದು, ಇದ್ದಂತೆಯೇ ಬಿಟ್ಟರು. ಅದಕ್ಕೆ ಪ್ರತ್ಯೇಕವಾದ ತಿರುಳನ್ನಾಗಲಿ ಅಳವಡಿಸುವ ಸಾಧನವನ್ನಾಗಲಿ ಈಗ ಕೊಡುವುದಿಲ್ಲ. ಇದು ನ್ಯಾಯವೇ? ಸಂಬಳವಿಲ್ಲದೆ ದುಡಿಯುವವರನ್ನು, ಅವರ ಬಳಿ ಇಲ್ಲದ ಯಂತ್ರಕ್ಕಾಗಿ ಇನ್ನೂ ದುಡಿಯಿರೆಂದು ಕೇಳುವುದು ನನ್ನಿಂದಾಗದು. ಆದರೂ 'ನಿವೃತ್ತಿ' ಎಂಬ ಮಾತನ್ನು ಬರೆದವರು, ಬೇರೆಯವರು ಬೇಡವೆಂದ ಯಂತ್ರದಲ್ಲಿ ಕಲಿಯುವ ಮಕ್ಕಳನ್ನು ನೋಡಿರಲಾರರು ಎನ್ನಿಸಿತು.

ಆ ಸುದ್ದಿಯನ್ನೋದುವಾಗ ಇನ್ನೊಂದು ಅಳುಕೂ ನನಗಿತ್ತು, ಅದು ಕನ್ನಡದ್ದು. ಡೆಬಿಯನ್ನನ್ನು ಅಳವಡಿಸುವಾಗ ಬರುವ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಉತ್ತರಿಸಬಹುದು. ಭಂಡಾರದಲ್ಲಿ 'ಗುಬ್ಬಿ' ಎಂಬ ಕನ್ನಡ ಅಕ್ಷರವಿನ್ಯಾಸವಿದೆ, ಕೈಬರಹದಂತಿರುವ 'ನವಿಲು' ಇದೆ. ಕೆ. ಪಿ. ರಾಯರು ತೋರಿದ ಹಾದಿಯ, ಉಚ್ಚಾರಣೆಯನ್ನನುಸರಿಸುವ ಕಗಪ ಕೀಲಿಮಣೆಯಿದೆ. ಇವೆಲ್ಲ ತಾವಾಗಿ ಬಂದವಲ್ಲ. ಯಾರೋ ಕೆಲವರು ಬಿಡುವಿನ ವೇಳೆಯಲ್ಲಿ ಕುಳಿತು ಮಾಡಿದವು. ಭಾಷಾಂತರವು ತೀರ ಹಿಂದುಳಿದರೆ ಆ ಭಾಷೆಯನ್ನು ಅಳವಡಿಕೆಯ ಪಟ್ಟಿಯಿಂದ ಕೈಬಿಡುವ ಪದ್ಧತಿಯೂ ಅಲ್ಲುಂಟು. ಹಳೆಯ ಯಂತ್ರಕ್ಕೆ ಬಂದ ಗತಿ ಭಾಷೆಗೂ ಬರಬಹುದು. ನೋಡಿಕೊಳ್ಳುವ ಕೈ ಬೇಕು.

ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಹೋಗಿ ಆರು ಯಂತ್ರಗಳನ್ನೂ ತಪಾಸಣೆ ಮಾಡಿದೆ. ಎಲ್‌ಎಸ್‌ಸಿಪಿಯು ಎಂಬ ಆಜ್ಞೆಯನ್ನು ಕೊಟ್ಟರೆ ಯಂತ್ರವು ತನ್ನ ಶಕ್ತಿಯನ್ನು ತಾನೇ ಹೇಳುತ್ತದೆ. ನಾಲ್ಕು ಯಂತ್ರಗಳು 64 ಬಿಟ್‌ನ ಕೆಲಸಕ್ಕೂ ತಕ್ಕವೇ ಆಗಿದ್ದವು. ಹಿಂದೆ ಯಾರೋ ವಿಚಾರಿಸದೆ 32 ಬಿಟ್‌ನದನ್ನು ಹಾಕಿದ್ದರು. ಆ 'ಯಾರೋ' ನಾನೇ ಎಂಬುದನ್ನು ಮುಖ್ಯೋಪಾಧ್ಯಾಯರಿಗೆ ಹೇಳಬೇಕಾಯಿತು. ಆ ನಾಲ್ಕಕ್ಕೂ ಟ್ರಿಕ್ಸಿಯನ್ನು ಹಾಕಿದೆ. ಅಳವಡಿಕೆಯ ಪ್ರಶ್ನೆಗಳನ್ನು ಏಳನೆಯ ತರಗತಿಯ ಇಬ್ಬರು ಹುಡುಗಿಯರು ಕನ್ನಡದಲ್ಲೇ ಓದಿ ಹೇಳಿದರು. ಉಳಿದೆರಡರಲ್ಲಿ ಬುಕ್‌ವರ್ಮೇ ಇದೆ. ಅಂತರಜಾಲದ ತಂತಿಯನ್ನು ಕಳಚಿಟ್ಟಿದ್ದೇನೆ. ಮಕ್ಕಳು ಅವುಗಳ ಮೇಲೆ ಗುಬ್ಬಿಯಲ್ಲಿ ಬೆರಳಚ್ಚು ಕಲಿಯುತ್ತಿದ್ದಾರೆ.