ಹಳೆಯ ವಿಡಿಯೊ ಆಟಗಳಲ್ಲಿ ಪಾತ್ರಾಂತರ: ಹವ್ಯಾಸಿಗಳ ಪರಿವರ್ತನೆಯ ಒಂದು ಜಾನಪದೀಯ ವಿವೇಚನೆ

ಜನಪದ ಕಥೆಯೊಂದು ಊರಿಂದೂರಿಗೆ ಸಾಗುವಾಗ ಅದರ ಪಾತ್ರಗಳು ಬದಲಾಗುತ್ತವೆ. ಒಂದೆಡೆ ರಾಜಕುಮಾರನಿದ್ದ ಸ್ಥಾನದಲ್ಲಿ ಇನ್ನೊಂದೆಡೆ ಕುರಿ ಕಾಯುವ ಹುಡುಗನಿರುತ್ತಾನೆ. ರಾಕ್ಷಸನಿದ್ದ ಸ್ಥಾನಕ್ಕೆ ಹುಲಿ ಬರುತ್ತದೆ. ಕಥೆಯ ನಡೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಅವರು 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಂಗತಿಗೆ ಶಾಸ್ತ್ರೀಯ ರೂಪ ಕೊಟ್ಟರು. ಅದ್ಭುತ ಕಥೆಗಳಲ್ಲಿ ಪಾತ್ರಗಳು ಚರ, ಅವು ನಿರ್ವಹಿಸುವ ಕಾರ್ಯಗಳು ಸ್ಥಿರ ಎಂಬುದು ಅವರ ಪ್ರತಿಪಾದನೆ. ಅಂಥ 31 ಕಾರ್ಯಗಳನ್ನು ಅವರು ಗುರುತಿಸಿದರು.

ಕಳೆದ ನಾಲ್ಕು ದಶಕಗಳಲ್ಲಿ ಇದೇ ಬಗೆಯ ಪಾತ್ರಾಂತರವು ತೀರ ಭಿನ್ನವಾದ ಇನ್ನೊಂದು ಮಾಧ್ಯಮದಲ್ಲಿ ನಡೆದುಬಂದಿದೆ. 1980 ಮತ್ತು 1990ರ ದಶಕಗಳ ವಿಡಿಯೊ ಆಟಗಳನ್ನು ಬಿಚ್ಚಿ, ಅವುಗಳ ಪಾತ್ರ, ಹಂತ, ಸಂಭಾಷಣೆಗಳನ್ನು ಬದಲಾಯಿಸಿ, ಹೊಸ ರೂಪವನ್ನು ತಮ್ಮಂಥ ಇತರರಿಗೆ ಹಂಚುವ ಹವ್ಯಾಸಿಗಳ ಸಮುದಾಯವೊಂದು ಅಮೆರಿಕ, ಜಪಾನ್ ಮತ್ತು ಯೂರೋಪುಗಳಲ್ಲಿ ಬೆಳೆದಿದೆ. ಈ ಕೆಲಸಕ್ಕೆ ಅವರು ಇಟ್ಟಿರುವ ಹೆಸರು ‘ರೋಮ್ ಹ್ಯಾಕಿಂಗ್’. ಆಟವನ್ನು ಹುದುಗಿಸಿಟ್ಟ ಕಾರ್ಟ್ರಿಜ್‌ನ ಚಿಪ್ಪಿಗೆ ‘ರೋಮ್’ ಎಂಬ ಹೆಸರಿರುವುದೇ ಇದಕ್ಕೆ ಕಾರಣ. ಈ ಹವ್ಯಾಸವನ್ನು ಯಂತ್ರಕೌಶಲವೆಂದೋ ಕೃತಿಚೌರ್ಯವೆಂದೋ ಕಂಡವರೇ ಹೆಚ್ಚು. ಅದನ್ನು ಪಾಠಾಂತರದ ಒಂದು ಪರಂಪರೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಟವೆಂಬ ಪಠ್ಯದ ರಚನೆ

ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಇಡೀ ಪಠ್ಯ ಕೇವಲ 40 ಕಿಲೋಬೈಟ್. ಅದರಲ್ಲಿ 32 ಕಿಲೋಬೈಟ್ ಆಟದ ನಿಯಮ, ಹಂತ, ಸಂಗೀತಗಳಿಗೆ ಮೀಸಲು. ಉಳಿದ 8 ಕಿಲೋಬೈಟ್ ಚಿತ್ರಗಳಿಗೆ. ಚಿತ್ರಗಳೆಂದರೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ 512 ಚೌಕಗಳು. ಒಂದೊಂದು ಚೌಕವು 16 ಬೈಟ್‌ಗಳನ್ನು ಆಕ್ರಮಿಸುತ್ತದೆ. ಚಲಿಸುವ ಪಾತ್ರದ ಪ್ರತಿಯೊಂದು ಚೌಕದಲ್ಲಿಯೂ ಪಾರದರ್ಶಕ ಭಾಗವನ್ನು ಬಿಟ್ಟರೆ ಮೂರೇ ಬಣ್ಣಗಳಿಗೆ ಅವಕಾಶ. ಸಣ್ಣ ಮಾರಿಯೊನ ಆಕೃತಿ ಇಂಥ ನಾಲ್ಕು ಚೌಕಗಳಿಂದಾದುದು.

ಈ ಇಕ್ಕಟ್ಟು ಪಾತ್ರದ ಸ್ವರೂಪವನ್ನೇ ನಿರ್ಧರಿಸಿದೆ. 1981ರ ‘ಡಾಂಕಿ ಕಾಂಗ್’ ಆಟಕ್ಕಾಗಿ ಶಿಗೆರು ಮಿಯಾಮೊಟೊ ಅವರು ಈ ಪಾತ್ರವನ್ನು ರೂಪಿಸಿದಾಗ, ಕೂದಲನ್ನು ಬಿಡಿಸುವ ತೊಂದರೆ ತಪ್ಪಿಸಲು ಟೊಪ್ಪಿಗೆಯನ್ನೂ, ಮೂಗನ್ನು ಎತ್ತಿ ತೋರಿಸಲು ಮೀಸೆಯನ್ನೂ, ತೋಳುಗಳ ಚಲನೆ ಕಾಣುವಂತೆ ಎರಡು ಬಣ್ಣದ ಉಡುಪನ್ನೂ ಕೊಟ್ಟರು. 1985ರ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕೃತಿ, ಬಣ್ಣವಷ್ಟೇ ಬೇರೆ. ಮೌಖಿಕ ಮಹಾಕಾವ್ಯದ ಗಾಯಕನು ಸಿದ್ಧ ನುಡಿಗಟ್ಟನ್ನು ಸಂದರ್ಭಕ್ಕೆ ತಕ್ಕಂತೆ ಮತ್ತೆ ಮತ್ತೆ ಬಳಸುವ ಕ್ರಮವನ್ನು ಆಲ್ಬರ್ಟ್ ಲಾರ್ಡ್ ಅವರು 1960ರಲ್ಲಿ ವಿವರಿಸಿದ್ದಾರೆ. ಅಲ್ಲಿ ಛಂದಸ್ಸು ಹೇಗೋ ಇಲ್ಲಿ ಬೈಟ್‌ಗಳ ಮಿತಿ ಹಾಗೆ. ಪರಿವರ್ತನೆಗೆ ತೊಡಗಿದ ಹವ್ಯಾಸಿಯೂ ಈ ಮಿತಿಯೊಳಗೇ ಕೆಲಸಮಾಡಬೇಕಾಗುತ್ತದೆ. ಮಾರಿಯೊನ ಸ್ಥಾನದಲ್ಲಿ ಯಾರನ್ನೇ ತಂದರೂ ಅವರು ಅವೇ ಚೌಕಗಳಲ್ಲಿ, ಅಷ್ಟೇ ಬಣ್ಣಗಳಲ್ಲಿ ಹಿಡಿಯಬೇಕು.

2. ಪರಿವರ್ತನೆಯ ಪೂರ್ವಚರಿತ್ರೆ

ಪಾತ್ರವನ್ನು ಬದಲಿಸುವ ರೂಢಿ ಹವ್ಯಾಸಿಗಳಿಗಷ್ಟೇ ಸೀಮಿತವಾಗಿರಲಿಲ್ಲ. 1981ರಲ್ಲಿ ಅಮೆರಿಕದ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಸಣ್ಣ ಸಂಸ್ಥೆಯ ತರುಣರು ‘ಪ್ಯಾಕ್-ಮ್ಯಾನ್’ ಯಂತ್ರಕ್ಕೆ ಜೋಡಿಸಬಹುದಾದ ಪರಿವರ್ತನೆಯೊಂದನ್ನು ಸಿದ್ಧಪಡಿಸಿದರು. ಅದರ ನಾಯಕ ಕಾಲುಗಳಿದ್ದ ‘ಕ್ರೇಜಿ ಆಟೊ’. ಪ್ಯಾಕ್-ಮ್ಯಾನ್‌ನ ಅಮೆರಿಕದ ಪರವಾನಗಿ ಪಡೆದಿದ್ದ ಮಿಡ್‌ವೇ ಸಂಸ್ಥೆ ಅದನ್ನು ಕೊಂಡುಕೊಂಡಿತು. ಕಾಲುಗಳು ಹೋಗಿ ತಲೆಗೆ ಕೆಂಪು ರಿಬ್ಬನ್ ಬಂದಿತು. ಆಟವು ‘ಮಿಸ್ ಪ್ಯಾಕ್-ಮ್ಯಾನ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೊರಗಿನವರು ಮಾಡಿದ ಪಾಠಾಂತರವು ಅಧಿಕೃತ ಪಠ್ಯವಾಗಿ ಪ್ರತಿಷ್ಠೆ ಪಡೆದ ಉದಾಹರಣೆಯಿದು.

ಪಠ್ಯದ ಒಡೆಯರೇ ಪಾತ್ರಾಂತರ ಮಾಡಿದ್ದಕ್ಕೂ ನಿದರ್ಶನವಿದೆ. 1987ರಲ್ಲಿ ಜಪಾನಿನಲ್ಲಿ ‘ಯುಮೆ ಕೋಜೊ: ಡೋಕಿ ಡೋಕಿ ಪ್ಯಾನಿಕ್’ ಎಂಬ ಆಟ ಬಂದಿತು. ಅದರಲ್ಲಿ ಇಮಾಜಿನ್, ಲೀನಾ, ಮಾಮಾ, ಪಾಪಾ ಎಂಬ ನಾಲ್ವರು ನಾಯಕರು. 1988ರಲ್ಲಿ ನಿಂಟೆಂಡೊ ಈ ನಾಲ್ವರನ್ನು ತೆಗೆದು, ಕ್ರಮವಾಗಿ ಮಾರಿಯೊ, ರಾಜಕುಮಾರಿ, ಲುಯೀಜಿ, ಟೋಡ್ ಇವರನ್ನು ಕೂರಿಸಿ, ಅಮೆರಿಕದಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್ 2’ ಎಂದು ಮಾರಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಲೀನಾಗೆ ಗಾಳಿಯಲ್ಲಿ ತೇಲುವ ಶಕ್ತಿಯಿತ್ತು. ಅವಳ ಸ್ಥಾನಕ್ಕೆ ಬಂದ ರಾಜಕುಮಾರಿಗೂ ಆ ಶಕ್ತಿ ದಕ್ಕಿತು. ಮುಂದೆ 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಆಟದಲ್ಲಿಯೂ ಅದು ಅವಳ ಲಕ್ಷಣವಾಗಿ ಉಳಿಯಿತು. ಕಾರ್ಯವು ಪಾತ್ರಕ್ಕೆ ಅಂಟಿಕೊಳ್ಳುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ, ಇಸವಿಸಮೇತ ತೋರಿಸುವ ಸಾಮಗ್ರಿ ಮೌಖಿಕ ಪರಂಪರೆಯಲ್ಲಿ ವಿರಳ.

ಮೂರನೆಯದು ಅನಾಮಿಕ ಪರಿವರ್ತನೆ. 1990ರ ದಶಕದಲ್ಲಿ ಭಾರತದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ ಟಿ.ವಿ. ಗೇಮ್ ಯಂತ್ರಗಳಲ್ಲಿ ಬಹುಪಾಲು ನಿಂಟೆಂಡೊ ಯಂತ್ರದ ಪರವಾನಗಿಯಿಲ್ಲದ ನಕಲುಗಳು. ಅವುಗಳ ಕಾರ್ಟ್ರಿಜ್‌ನ ಮೇಲೆ ‘9999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಒಳಗಿರುತ್ತಿದ್ದುದು ಕೆಲವೇ ಆಟಗಳು. ಒಂದೇ ಆಟವು ಬೇರೆ ಹಂತದಿಂದ ಆರಂಭವಾಗುವಂತೆಯೋ ಪಾತ್ರದ ಚಿತ್ರ ಬದಲಾಗಿಯೋ ಹೊಸ ಹೆಸರಿನಲ್ಲಿ ಪಟ್ಟಿಯೊಳಗೆ ಮರಳಿ ಬರುತ್ತಿತ್ತು. ಕರ್ನಾಟಕದ ಪಟ್ಟಣಗಳಲ್ಲಿಯೂ ಅನೇಕ ಮಕ್ಕಳಿಗೆ ಮಾರಿಯೊನ ಪರಿಚಯವಾದುದು ಇಂಥ ಕಾರ್ಟ್ರಿಜ್‌ಗಳಿಂದ. ಇವುಗಳ ಕರ್ತೃಗಳ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಲಾಭಕ್ಕಾಗಿ ನಡೆದ ಈ ಬದಲಾವಣೆಯನ್ನು ಹವ್ಯಾಸಿಗಳ ಕೆಲಸದಿಂದ ಬೇರೆಯಾಗಿಯೇ ನೋಡಬೇಕು.

3. ಹವ್ಯಾಸಿಗಳ ಸಾಧನ ಮತ್ತು ಆಚಾರ

ಹಳೆಯ ಯಂತ್ರವನ್ನು ಗಣಕದಲ್ಲಿ ಅನುಕರಿಸುವ ‘ಎಮ್ಯುಲೇಟರ್’ ತಂತ್ರಾಂಶಗಳು ಹರಡಿದ ಮೇಲೆ ಈ ಹವ್ಯಾಸಕ್ಕೆ ನೆಲೆ ದೊರೆಯಿತು. 1997ರಲ್ಲಿ ಬಂದ ‘ನೆಸ್ಟಿಕಲ್’ ಎಂಬ ತಂತ್ರಾಂಶದಲ್ಲಿ ಆಟದ ಚಿತ್ರಚೌಕಗಳನ್ನು ತಿದ್ದುವ ಸಲಕರಣೆಯೂ ಇತ್ತು. 2000ದಲ್ಲಿ ಬಂದ ‘ಲೂನಾರ್ ಮ್ಯಾಜಿಕ್’, ‘ಸೂಪರ್ ಮಾರಿಯೊ ವರ್ಲ್ಡ್’ ಆಟದ ಹಂತಗಳನ್ನು ಪುನಾರಚಿಸಲು ಅನುವು ಮಾಡಿತು. ಜಪಾನಿನಲ್ಲಿ ಮಾತ್ರ ಪ್ರಕಟವಾಗಿದ್ದ 2006ರ ‘ಮದರ್ 3’ ಆಟವನ್ನು ಹವ್ಯಾಸಿಗಳ ತಂಡವೊಂದು ಇಂಗ್ಲಿಷಿಗೆ ಅನುವಾದಿಸಿ 2008ರಲ್ಲಿ ಹಂಚಿತು.

ಹಂಚಿಕೆಯಲ್ಲಿ ಈ ಸಮುದಾಯ ಪಾಲಿಸಿಕೊಂಡು ಬಂದ ಆಚಾರವು ಗಮನಾರ್ಹವಾದುದು. ಬದಲಾದ ಆಟವನ್ನು ಇಡಿಯಾಗಿ ಕೊಡುವಂತಿಲ್ಲ; ಬದಲಾವಣೆಯನ್ನಷ್ಟೇ ಕೊಡಬೇಕು. ಇದಕ್ಕೆ ‘ಪ್ಯಾಚ್’ ಎಂದು ಹೆಸರು. ಹಳೆಯ ‘ಐಪಿಎಸ್’ ಮಾದರಿಯಲ್ಲಿ ಒಂದೊಂದು ನಮೂದೂ ಮೂರು ಸಂಗತಿಗಳನ್ನು ಹೇಳುತ್ತದೆ: ಮೂಲದ ಯಾವ ಸ್ಥಾನದಲ್ಲಿ, ಎಷ್ಟು ಬೈಟ್‌ಗಳನ್ನು, ಯಾವುದರಿಂದ ಬದಲಿಸಬೇಕು. ಮೂಲ ಆಟ ಪಡೆಯುವವನ ಬಳಿ ಇರಬೇಕು. ಅದಕ್ಕೆ ಪ್ಯಾಚ್ ಹಚ್ಚಿದಾಗ ಹೊಸ ರೂಪ ಪ್ರಕಟವಾಗುತ್ತದೆ. ಇದು ಗ್ರಂಥಸಂಪಾದಕನು ಪುಟದ ಕೆಳಗೆ ಕೊಡುವ ಪಾಠಾಂತರ ಸೂಚಿಯನ್ನು ಹೋಲುತ್ತದೆ. ತನ್ನ ಪಾಲೆಷ್ಟು, ಪರರ ಪಾಲೆಷ್ಟು ಎಂಬ ಗೆರೆಯನ್ನು ಹವ್ಯಾಸಿ ತಾನೇ ಎಳೆದುಕೊಳ್ಳುತ್ತಾನೆ.

ಎ.ಕೆ. ರಾಮಾನುಜನ್ ಅವರು ರಾಮಾಯಣಗಳನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ‘ಪಾಠಾಂತರ’ ಎಂಬ ಪರಿಕಲ್ಪನೆಯನ್ನೇ ಪ್ರಶ್ನಿಸಿದ್ದಾರೆ. ಆ ಪದ ಬಳಸಿದೊಡನೆ ಸ್ಥಿರವಾದ ಮೂಲವೊಂದಿದೆ ಎಂದು ಒಪ್ಪಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ವಿಡಿಯೊ ಆಟಗಳ ವಿಷಯದಲ್ಲಿ ಈ ಆಕ್ಷೇಪ ಸಲ್ಲುವುದಿಲ್ಲ. ಇಲ್ಲಿ ಮೂಲವು ಬೈಟ್ ಬೈಟಿಗೂ ಸ್ಥಿರ. ಜೊತೆಗೆ ಅದಕ್ಕೆ ಒಡೆಯನೂ ಉಂಟು. ಜನಪದ ಕಥೆಗೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

4. ಯಾರು ಎಂಬ ಪ್ರಶ್ನೆ

ಕಾರ್ಯ ಸ್ಥಿರವಾಗಿರುವಾಗ ಪಾತ್ರವನ್ನು ಬದಲಿಸುವುದರಿಂದ ಆಗುವುದೇನು? 2013ರಲ್ಲಿ ಅಮೆರಿಕದ ಆಟ ನಿರ್ಮಾಪಕ ಮೈಕ್ ಮಿಕಾ ಮಾಡಿದ ಪರಿವರ್ತನೆ ಇದಕ್ಕೆ ಉತ್ತರ ಕೊಡುತ್ತದೆ. ‘ಡಾಂಕಿ ಕಾಂಗ್’ ಆಟದಲ್ಲಿ ವಾನರವು ಪೌಲೀನ್ ಎಂಬಾಕೆಯನ್ನು ಹೊತ್ತೊಯ್ಯುತ್ತದೆ, ಮಾರಿಯೊ ಬಿಡಿಸಿ ತರುತ್ತಾನೆ. ತಾನು ಪೌಲೀನ್ ಆಗಿ ಮಾರಿಯೊನನ್ನು ಬಿಡಿಸಬಹುದೇ ಎಂದು ಅವರ ಪುಟ್ಟ ಮಗಳು ಕೇಳಿದಳು. ತಂದೆ ಚೌಕಗಳನ್ನು ತಿದ್ದಿ, ಬಣ್ಣಗಳನ್ನು ಹೊಂದಿಸಿ, ತೆರೆಯ ಮೇಲ್ಭಾಗದಲ್ಲಿದ್ದ ‘ಎಂ’ ಅಕ್ಷರವನ್ನು ‘ಪಿ’ ಮಾಡಿ ಇಬ್ಬರ ಸ್ಥಾನಗಳನ್ನೂ ಅದಲುಬದಲು ಮಾಡಿದರು. ಇದಕ್ಕೆ ಸ್ವಲ್ಪ ಮೊದಲು, 2012ರಲ್ಲಿ, ಮೈಕ್ ಹೋಯ್ ಎಂಬ ಇನ್ನೊಬ್ಬ ತಂದೆ ‘ದಿ ವಿಂಡ್ ವೇಕರ್’ ಆಟದ ಸಂಭಾಷಣೆಗಳಲ್ಲಿ ನಾಯಕನನ್ನು ಕುರಿತ ಪುಲ್ಲಿಂಗ ಪದಗಳನ್ನೆಲ್ಲ ಮಗಳಿಗಾಗಿ ಸ್ತ್ರೀಲಿಂಗಕ್ಕೆ ತಿರುಗಿಸಿದ್ದರು. ಮೂಲದಲ್ಲಿದ್ದಷ್ಟೇ ಅಕ್ಷರಗಳ ಪದಗಳನ್ನು ಹುಡುಕಿ ಕೂರಿಸುವುದು ಅನಿವಾರ್ಯವಾಗಿತ್ತು.

ಪ್ರಾಪ್ ಅವರ ದೃಷ್ಟಿಯಿಂದ ಎರಡೂ ಆಟಗಳಲ್ಲಿ ಏನೂ ಬದಲಾಗಿಲ್ಲ. ಅಪಹರಣ, ಹೋರಾಟ, ಬಿಡುಗಡೆ ಹಾಗೆಯೇ ಇವೆ. ನೆಗೆತದ ಎತ್ತರವೂ ಅಷ್ಟೇ. ಆದರೆ ಆಡುವ ಹುಡುಗಿಯ ದೃಷ್ಟಿಯಿಂದ ಎಲ್ಲವೂ ಬದಲಾಗಿದೆ. ಕಾರ್ಯವನ್ನು ಮಾಡುವವರು ಯಾರು ಎಂಬುದು ಕೇಳುಗರಿಗೆ ಗೌಣವಲ್ಲ ಎಂಬ ಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಅಜ್ಜಿಯು ಕಥೆ ಹೇಳುವಾಗ ಎದುರಿಗಿರುವ ಮೊಮ್ಮಗಳ ಹೆಸರನ್ನೇ ನಾಯಕಿಗೆ ಇಡುವುದುಂಟು. ಕಥೆಯನ್ನು ಅದನ್ನು ಕೇಳುವವರದಾಗಿಸುವ ಆ ಪ್ರವೃತ್ತಿಯೇ ಇಲ್ಲಿ ಬೈಟ್‌ಗಳ ಮೂಲಕ ಕೆಲಸಮಾಡಿದೆ. ಆದ್ದರಿಂದ ಪ್ರತಿಯೊಂದು ಪ್ಯಾಚೂ ತನಗೆ ದೊರೆತ ಪಠ್ಯವನ್ನು ಕುರಿತು ಆಟಗಾರನು ಬರೆದ ವ್ಯಾಖ್ಯಾನ.

5. ಒಡೆತನ ಮತ್ತು ಅಳಿವು

ಈ ವ್ಯಾಖ್ಯಾನಗಳ ಉಳಿವು ಅನಿಶ್ಚಿತವಾಗಿದೆ. ಅಮೆರಿಕದ ನ್ಯಾಯಾಲಯಗಳು ಈ ಕುರಿತು ಒಂದೇ ದಿಕ್ಕಿನಲ್ಲಿ ನಡೆದಿಲ್ಲ. ಆಟವನ್ನು ಆಡುವಾಗ ಮಾತ್ರ ತಾತ್ಕಾಲಿಕವಾಗಿ ಬದಲಿಸುವ ‘ಗೇಮ್ ಜೀನಿ’ ಸಾಧನವು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲವೆಂದು 1992ರಲ್ಲಿ ತೀರ್ಪಾಯಿತು. ‘ಡ್ಯೂಕ್ ನ್ಯೂಕೆಮ್ 3ಡಿ’ ಆಟಕ್ಕೆ ಆಟಗಾರರು ರಚಿಸಿದ್ದ ಹಂತಗಳನ್ನು ಸಂಗ್ರಹಿಸಿ ಮಾರಿದ ಸಂಸ್ಥೆಯ ವಿರುದ್ಧ 1998ರಲ್ಲಿ ತೀರ್ಪು ಬಂದಿತು. ‘ಕ್ರೋನೊ ಟ್ರಿಗರ್’ ಆಧರಿಸಿದ ‘ಕ್ರಿಮ್ಸನ್ ಎಕೋಸ್’ 2009ರಲ್ಲಿ ಮೂಲ ಸಂಸ್ಥೆಯ ನೋಟೀಸಿನಿಂದ ನಿಂತುಹೋಯಿತು. ವರ್ಷಗಟ್ಟಲೆ ದುಡಿದು ಕಟ್ಟಿದ ‘ಪೋಕೆಮಾನ್ ಪ್ರಿಸಂ’ ಕೂಡ 2016ರ ಡಿಸೆಂಬರಿನಲ್ಲಿ, ಪ್ರಕಟಣೆಗೆ ಕೆಲವೇ ದಿನಗಳಿದ್ದಾಗ, ಇಂಥದೇ ನೋಟೀಸನ್ನು ಎದುರಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಸೆಗಾ ಸಂಸ್ಥೆ ತನ್ನ ‘ಸಾನಿಕ್’ ಆಟಗಳ ಅಭಿಮಾನಿ ಬಳಗದಿಂದ ಬಂದ ಕ್ರಿಶ್ಚಿಯನ್ ವೈಟ್‌ಹೆಡ್ ಅವರಿಗೇ 2017ರ ‘ಸಾನಿಕ್ ಮೇನಿಯಾ’ದ ನಿರ್ಮಾಣವನ್ನು ಒಪ್ಪಿಸಿತು.

ಕಾನೂನಿಗಿಂತ ದೊಡ್ಡ ಅಪಾಯ ಸಂಗ್ರಹದ ಕೊರತೆಯದು. 2005ರಿಂದ ಇಂಥ ಪ್ಯಾಚ್‌ಗಳ ಮುಖ್ಯ ಭಂಡಾರವಾಗಿದ್ದ ರೋಮ್‌ಹ್ಯಾಕಿಂಗ್.ನೆಟ್ 2024ರ ಆಗಸ್ಟಿನಲ್ಲಿ ಹೊಸ ಕೃತಿಗಳ ಸ್ವೀಕಾರವನ್ನು ನಿಲ್ಲಿಸಿ, ತನ್ನ ಸಂಚಯವನ್ನು ಇಂಟರ್‌ನೆಟ್ ಆರ್ಕೈವ್‌ಗೆ ಒಪ್ಪಿಸಿತು. ಹವ್ಯಾಸಿಗಳ ಸ್ವಂತ ದುಡಿಮೆಯಿಂದ ನಿಂತ ಭಂಡಾರಕ್ಕೆ ಸಾಂಸ್ಥಿಕ ಆಸರೆ ಇರಲಿಲ್ಲ. ಪ್ಯಾಚ್ ಒಂದೇ ಉಳಿದರೆ ಸಾಲದು, ಮೂಲವೂ ಬೇಕು. 2010ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ನಿನ 2023ರ ಅಧ್ಯಯನ ತಿಳಿಸಿದೆ. ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಗ್ರಂಥಾಲಯಗಳಿಗೆ ವಿನಾಯಿತಿ ಕೊಡಬೇಕೆಂಬ ಕೋರಿಕೆಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಮೂಲವಿಲ್ಲದ ಪ್ಯಾಚ್ ಎಂದರೆ ಗ್ರಂಥ ಕಳೆದುಹೋಗಿ ಅಡಿಟಿಪ್ಪಣಿಗಳಷ್ಟೇ ಉಳಿದಂತೆ.

ಜಾನಪದ ಕ್ಷೇತ್ರಕಾರ್ಯದ ಶಿಸ್ತು ಇಲ್ಲಿ ನೇರವಾಗಿ ಉಪಯುಕ್ತವಾಗಬಲ್ಲದು. ಹಾಡನ್ನು ಸಂಗ್ರಹಿಸುವವರು ಹಾಡಿದವರಾರು, ಯಾವ ಸಂದರ್ಭದಲ್ಲಿ, ಯಾರಿಗಾಗಿ, ಯಾರಿಂದ ಕಲಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ಪ್ಯಾಚ್‌ನೊಡನೆಯೂ ಮೂಲ ಆಟದ ನಿಖರ ಆವೃತ್ತಿ, ಬಳಸಿದ ಸಲಕರಣೆ, ಹವ್ಯಾಸಿ ಬರೆದಿಟ್ಟ ವಿವರಣೆಯ ಕಡತ, ಪರಿವರ್ತನೆಯ ಪ್ರೇರಣೆ ಇವಿಷ್ಟೂ ದಾಖಲಾಗಬೇಕು. ಪೌಲೀನ್ ನಾಯಕಿಯಾದ ಆಟದಲ್ಲಿ ಬದಲಾದ ಚೌಕಗಳು ಕೆಲವೇ. ಮಗುವಿನ ಪ್ರಶ್ನೆ ದಾಖಲಾಗಿರುವುದರಿಂದಲೇ ಆ ಬದಲಾವಣೆಯ ಅರ್ಥ ಇಂದು ತಿಳಿಯುತ್ತಿದೆ. ಪ್ರೇರಣೆಯ ದಾಖಲೆಯಿಲ್ಲದ ಅಸಂಖ್ಯ ಪ್ಯಾಚ್‌ಗಳು ಭಂಡಾರದಲ್ಲಿವೆ. ಅವುಗಳನ್ನು ರಚಿಸಿದವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಸಂಗ್ರಹಕಾರ್ಯ ನಡೆಯಬೇಕಾಗಿದೆ.