ಆಕ್ಸಿಲರೇಟರ್ ತುಳಿದರೆ ತೆರೆಯೋದು ಗಾಳಿಯ ಬಾಗಿಲು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ ತಕ್ಷಣ ಹಿಂದಿನ ಸೀಟಿನಿಂದ ಒಂದು ಸಲಹೆ ಬರುತ್ತೆ. "ಇಳಿಜಾರಲ್ವಾ, ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತೆ." ಹೇಳುವವರು ಮಾವ ಇರಬಹುದು, ಚಿಕ್ಕಪ್ಪ ಇರಬಹುದು. ಮೂವತ್ತು ವರ್ಷ ಗಾಡಿ ಓಡಿಸಿದ ಅನುಭವ ಅವರದ್ದು, ಎದುರು ಮಾತಾಡೋದು ಕಷ್ಟ. ಅವರ ಮಾತಿನಲ್ಲಿ ಒಂದು ಕಾಲಕ್ಕೆ ಸ್ವಲ್ಪ ಸತ್ಯವೂ ಇತ್ತು. ಆದರೆ ಇವತ್ತಿನ ಕಾರಿನಲ್ಲಿ ಘಾಟಿ ಇಳಿಯುವಾಗ ಆ ಸಲಹೆ ಪೆಟ್ರೋಲನ್ನೂ ಉಳಿಸಲ್ಲ, ಬ್ರೇಕಿಗೂ ಒಳ್ಳೆಯದಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಬಾನೆಟ್ ಕೆಳಗೆ ಏನು ನಡೀತಿದೆ ಅಂತ ನೋಡಬೇಕು.

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಬೇರೆ ಬ್ರಾಂಚಿನವರಿಗೂ ಒಂದು ಮೆಕ್ಯಾನಿಕಲ್ ಪೇಪರ್ ಇರ್ತಿತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹತ್ತು ಮಾರ್ಕ್ಸ್ ತಗೊಂಡು ನಾವೆಲ್ಲ ಕೋಡಿಂಗ್ ಕಡೆ ಹೊರಟು ಹೋದ್ವಿ. ಆ ಚಿತ್ರದಲ್ಲಿ ಎಲ್ಲವೂ ಇರುತ್ತೆ. ಡ್ರೈವರ್ ಕಾಲು ಮಾತ್ರ ಇರಲ್ಲ! ಹಾಗಾಗಿ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಸುರಿಯುತ್ತೆ ಅಂತಲೇ ಬಹಳ ಜನ ಅಂದುಕೊಂಡಿರ್ತಾರೆ. ಪೆಟ್ರೋಲ್ ಕಾರಿನಲ್ಲಿ ಆ ಪೆಡಲ್ ತೆರೆಯೋದು ಗಾಳಿಯ ಬಾಗಿಲನ್ನು. ಅದರ ಹೆಸರು ಥ್ರಾಟಲ್. ಒಂದು ಕೊಳವೆ, ಅದರ ಮಧ್ಯೆ ತಿರುಗುವ ಒಂದು ದುಂಡು ತಟ್ಟೆ, ಅಷ್ಟೇ. ಎಷ್ಟು ಗಾಳಿ ಒಳಗೆ ಬಂತೋ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಲೆಕ್ಕ ಹಾಕಿ ಚಿಮುಕಿಸುತ್ತೆ. (ಡೀಸೆಲ್ ಕಥೆ ಬೇರೆ. ಅಲ್ಲಿ ಪೆಡಲ್ ನಿರ್ಧರಿಸೋದು ಇಂಧನವನ್ನೇ. ಇಲ್ಲಿ ಹೇಳ್ತಿರೋದು ಮುಖ್ಯವಾಗಿ ಪೆಟ್ರೋಲ್ ಎಂಜಿನ್ ಬಗ್ಗೆ.)

ಗಾಳಿಗೆ ಯಾಕಿಷ್ಟು ಮರ್ಯಾದೆ ಅಂದರೆ, ಪೆಟ್ರೋಲ್ ಒಂದೇ ಉರಿಯಲ್ಲ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್ ಬೆರೆಸಿದ್ದಾದರೆ ಸ್ವಲ್ಪ ಕಡಿಮೆ ಸಾಕು. ತೂಕದಲ್ಲಿ ಇದು ದೊಡ್ಡದು ಅನಿಸಲ್ಲ, ಆದರೆ ಗಾಳಿ ಎಷ್ಟು ಹಗುರ ನೋಡಿ. ಲೆಕ್ಕ ಹಾಕಿದರೆ 1 ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9 ಸಾವಿರ ಲೀಟರ್ ಗಾಳಿ ಆಗುತ್ತೆ. ಬೆಂಗಳೂರಿನ ಪಿಜಿಯಲ್ಲಿ ಸಿಂಗಲ್ ರೂಮ್ ಅಂತ ಬಾಡಿಗೆಗೆ ಕೊಡುವ ಗೂಡು ಇದೆಯಲ್ಲ, ಅದರ ತುಂಬ ಇರುವಷ್ಟು ಗಾಳಿ. ಒಂದು ಲೀಟರ್ ಸುಡಲು ಕಾರು ಅಂಥ ಒಂದು ರೂಮನ್ನೇ ನುಂಗಬೇಕು.

ಕಾರು ಕೊಳ್ಳುವಾಗ ಕೇಳುವ 'ಸಿಸಿ' ಕೂಡ ಇದೇ ಗಾಳಿಯ ಲೆಕ್ಕ. ಮಾರುತಿ 800 ತಗೊಳ್ಳಿ. 1983ರ ಡಿಸೆಂಬರ್‌ನಲ್ಲಿ ಬಂದು 30 ವರ್ಷ ಓಡಿದ ಕಾರು, ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಡ್ರೈವಿಂಗ್ ಕಲಿತದ್ದೇ ಅದರಲ್ಲಿ. ಅದಕ್ಕೆ ಮೂರು ಸಿಲಿಂಡರ್. ಒಂದೊಂದರ ಅಗಲ 68.5 ಮಿ.ಮೀ., ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 72 ಮಿ.ಮೀ. ಫೋನ್ ಕೈಯಲ್ಲೇ ಇದೆಯಲ್ಲ, ಕ್ಯಾಲ್ಕುಲೇಟರ್ ತೆಗೆಯಿರಿ: ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, ಪೈ ಗುಣಿಸಿ, ಉದ್ದ ಗುಣಿಸಿ. ಒಂದು ಸಿಲಿಂಡರಿಗೆ ಸುಮಾರು 265 ಸಿಸಿ ಬರುತ್ತೆ, ಮೂರಕ್ಕೆ 796. ಹೆಸರಿನಲ್ಲಿ ಅದನ್ನೇ 800 ಅಂದರು. ಅಂದರೆ ಸಿಸಿ ಎಂಜಿನ್ನಿನ ತೂಕವೂ ಅಲ್ಲ, ಶಕ್ತಿಯೂ ಅಲ್ಲ. ಎಲ್ಲ ಸಿಲಿಂಡರುಗಳೂ ಒಂದೊಂದು ಸಲ ಉಸಿರೆಳೆದರೆ ಎಷ್ಟು ಗಾಳಿ ಹಿಡಿಸುತ್ತೆ ಅನ್ನೋ ಅಳತೆ.

ಈ ಉಸಿರಾಟದ ಕ್ರಮವನ್ನು ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ಓಡುವ ಎಂಜಿನ್ ಆಗಿ ಮಾಡಿ ತೋರಿಸಿದ. ಇವತ್ತಿಗೂ ಮೂಲಕ್ರಮ ಅದೇ. ಪಿಸ್ಟನ್ ಕೆಳಗಿಳಿದು ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತೆ. ಮೇಲೇರಿ ಅದನ್ನು ಒತ್ತುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ, ಬಿಸಿಯಾಗಿ ಹಿಗ್ಗಿದ ಅನಿಲ ಪಿಸ್ಟನ್ನನ್ನು ಕೆಳಗೆ ದಬ್ಬುತ್ತೆ. ಮತ್ತೆ ಮೇಲೇರುವಾಗ ಹೊಗೆ ಹೊರಕ್ಕೆ. ನಾಲ್ಕರಲ್ಲಿ ಕೆಲಸ ಕೊಡೋದು ಒಂದೇ ಸ್ಟ್ರೋಕ್, ಉಳಿದ ಮೂರೂ ಅದರ ಸಂಪಾದನೆಯಲ್ಲಿ ಬದುಕ್ತವೆ. ಟ್ಯಾಕೋಮೀಟರಿನ ಮುಳ್ಳು 3000ದಲ್ಲಿದ್ದರೆ ಎಂಜಿನ್ ಸೆಕೆಂಡಿಗೆ 50 ಸುತ್ತು ತಿರುಗುತ್ತಿದೆ ಅಂತ ಅರ್ಥ. ಆಗ ಒಂದು ಸ್ಟ್ರೋಕಿಗೆ ಸಿಗೋದು 10 ಮಿಲಿಸೆಕೆಂಡ್. ನಾವು ಬರೆಯುವ ಎಷ್ಟೋ ಎಪಿಐಗಳು ಅಷ್ಟರಲ್ಲಿ ಉತ್ತರ ಕೊಡಲ್ಲ. ಇಲ್ಲಿ ಅಷ್ಟರೊಳಗೆ ವಾಲ್ವ್ ತೆರೆದು, ಗಾಳಿ ತುಂಬಿ, ವಾಲ್ವ್ ಮುಚ್ಚಿಯೂ ಆಗಿರಬೇಕು.

ಇಷ್ಟು ವೇಗದಲ್ಲಿ ಅಳತೆ ತಪ್ಪದಂತೆ ಪೆಟ್ರೋಲ್ ಕೊಡೋದು ಹೇಗೆ? ಒಳಗೆ ಬಂದ ಗಾಳಿ ಎಷ್ಟು ಅಂತ ಒಂದು ಸೆನ್ಸರ್ ಹೇಳುತ್ತೆ. ಉರಿದ ಮೇಲೆ ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅಂತ ಇನ್ನೊಂದು ಸೆನ್ಸರ್ ನೋಡುತ್ತೆ. ಉಳಿದಿದ್ದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ, ಇಲ್ಲದಿದ್ದರೆ ಸ್ವಲ್ಪ ಕಡಿಮೆ. ಕಾರು ಓಡುವಷ್ಟು ಹೊತ್ತೂ ಈ ಲೂಪ್ ಓಡ್ತಾನೇ ಇರುತ್ತೆ.

ಮಾವನ ಕಾಲದ ಕಾರಿಗೆ ಈ ಸೌಲಭ್ಯ ಇರಲಿಲ್ಲ. ಆಗ ಇದ್ದದ್ದು ಕಾರ್ಬುರೇಟರ್. ಹಾದುಹೋಗುವ ಗಾಳಿಯ ಸೆಳೆತಕ್ಕೆ ಪೆಟ್ರೋಲ್ ತಾನಾಗಿಯೇ ಎಳೆದುಕೊಂಡು ಬರುವ ಏರ್ಪಾಡು ಅದು. ಗೇರಿನಲ್ಲಿಟ್ಟು ಇಳಿಜಾರು ಇಳಿದರೆ ಚಕ್ರಗಳು ಎಂಜಿನ್ನನ್ನು ಜೋರಾಗಿ ತಿರುಗಿಸ್ತಿದ್ದವು, ಎಂಜಿನ್ ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಹೀರ್ತಾನೇ ಇರ್ತಿತ್ತು. ಹಾಗಾಗಿ ನ್ಯೂಟ್ರಲ್‌ನಲ್ಲಿ ಉಳಿತಾಯ ಆಗ್ತಿದ್ದದ್ದು ನಿಜ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ನಮ್ಮ ಕಾರುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು, ಲೆಕ್ಕ ತಲೆಕೆಳಗಾಯಿತು. ಈಗ ನೀವು ಗೇರಿನಲ್ಲೇ ಇದ್ದು ಪೆಡಲ್‌ನಿಂದ ಕಾಲು ತೆಗೆದರೆ ಇಸಿಯು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತೆ. ಎಂಜಿನ್ನನ್ನು ತಿರುಗಿಸೋ ಕೆಲಸ ಚಕ್ರಗಳೇ ಮಾಡ್ತಿರುವಾಗ ಪೆಟ್ರೋಲ್ ಯಾಕೆ ಬೇಕು? ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಕಾರಾದರೆ ಸಂಖ್ಯೆ ಮೇಲಕ್ಕೆ ಜಿಗಿಯೋದನ್ನು ನೀವೇ ನೋಡಬಹುದು. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರಿಹೋಗದಂತೆ ನೋಡಿಕೊಳ್ಳಲು ಇಸಿಯು ಮತ್ತೆ ಪೆಟ್ರೋಲ್ ಕೊಡಲೇಬೇಕು. ಸಪಾಟು ರಸ್ತೆಯ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಕಾರು ಇನ್ನಷ್ಟು ದೂರ ಉರುಳುತ್ತೆ ಅನ್ನೋ ವಾದ ಇದೆ, ಒಪ್ಪೋಣ. ಆದರೆ ಘಾಟಿಯಲ್ಲಿ ನಮಗೆ ಬೇಕಿರೋದು ಉರುಳೋದಲ್ಲ, ವೇಗ ಹಿಡಿತದಲ್ಲಿರೋದು.

ಅದಕ್ಕೂ ಗಾಳಿಯೇ ಸಹಾಯ ಮಾಡುತ್ತೆ. ಸೂಜಿ ಇಲ್ಲದ ಒಂದು ಸಿರಿಂಜ್ ತಗೊಂಡು, ತುದಿಯನ್ನು ಬೆರಳಿಂದ ಮುಚ್ಚಿ, ಹಿಡಿಯನ್ನು ಹಿಂದಕ್ಕೆ ಎಳೆದು ನೋಡಿ. ಎಳೆಯೋಕೆ ಒದ್ದಾಡಬೇಕಾಗುತ್ತೆ. ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತೆ, ಆದರೆ ಚಕ್ರಗಳು ಪಿಸ್ಟನ್ನನ್ನು ಎಳೀತಾನೇ ಇರ್ತವೆ. ಸೆಕೆಂಡಿಗೆ ಹತ್ತಾರು ಸಲ ಇದೇ ಸಿರಿಂಜ್ ಒದ್ದಾಟ. ಅದಕ್ಕೆ ಬೇಕಾದ ಶ್ರಮ ಕಾರಿನ ವೇಗದಿಂದ ಕಳೆಯುತ್ತೆ. ಇದನ್ನೇ ಎಂಜಿನ್ ಬ್ರೇಕಿಂಗ್ ಅನ್ನೋದು. ಸೆಕೆಂಡ್ ಗೇರಿನಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗುವುದರಿಂದ ಹಿಡಿತವೂ ಹೆಚ್ಚು. ಆಟೊಮ್ಯಾಟಿಕ್ ಕಾರಿದ್ದವರು ಎಲ್ ಅಥವಾ ಮ್ಯಾನ್ಯುಯಲ್ ಮೋಡ್ ಇರೋದೇ ಇದಕ್ಕೆ ಅಂತ ತಿಳಿಯಿರಿ.

ನ್ಯೂಟ್ರಲ್‌ನಲ್ಲಿ ಈ ಹಿಡಿತ ಸೊನ್ನೆ. ಕಾರಿನ ಪೂರ್ತಿ ಭಾರ, ಅದರ ಜೊತೆ ಐದು ಜನ, ಡಿಕ್ಕಿಯಲ್ಲಿರುವ ಹಲಸಿನಹಣ್ಣು ಎಲ್ಲ ಬ್ರೇಕ್ ಪ್ಯಾಡಿನ ತಲೆ ಮೇಲೆ. ತಿರುವಿಗೊಂದು ಸಲ ತುಳಿಯುತ್ತಾ ಹೋದರೆ ಪ್ಯಾಡ್ ಕಾಯುತ್ತೆ, ಅತಿಯಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತೆ. ಇನ್ನು ಕೆಲವರು ಎಂಜಿನ್ನನ್ನೇ ಆಫ್ ಮಾಡಿ ಇಳಿಯೋ ಸಾಹಸ ಮಾಡ್ತಾರೆ. ಅದು ಖಂಡಿತ ಬೇಡ. ನಿಮ್ಮ ಪಾದದ ಒತ್ತಡವನ್ನು ಹಿಗ್ಗಿಸಿ ಕೊಡುವ ಬ್ರೇಕ್ ಬೂಸ್ಟರ್ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಕೆಲಸ ಮಾಡೋದು ಮುಚ್ಚಿದ ಥ್ರಾಟಲ್ ಹಿಂದಿನ ಅದೇ ಸೆಳೆತದಿಂದ. ಎಂಜಿನ್ ನಿಂತರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಸೆಳೆತ ಖಾಲಿ. ಆಮೇಲೆ ಪೆಡಲ್ ಕಲ್ಲಿನ ಹಾಗೆ.

ಗಾಳಿಯ ವಿಷಯ ಹಿಡಿದರೆ ಇನ್ನೊಂದು ಸಂಗತಿ ಅರ್ಥ ಆಗುತ್ತೆ. ಮಂಗಳೂರಿನ ಕಾರು ಬೆಂಗಳೂರಿಗೆ ಬಂದರೆ ಸ್ವಲ್ಪ ಸೊರಗುತ್ತೆ! ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಶೇ. 20ರಷ್ಟು. ಸಿಲಿಂಡರ್ ಅಷ್ಟೇ ದೊಡ್ಡದು, ಆದರೆ ಒಳಗೆ ಬರುವ ಗಾಳಿ ತೆಳು. ಗಾಳಿ ಕಡಿಮೆಯಾದರೆ ಪೆಟ್ರೋಲೂ ಕಡಿಮೆ, ಎಳೆತವೂ ಕಡಿಮೆ. ಟರ್ಬೊ ಕೆಲಸಕ್ಕೆ ಬರೋದು ಇಲ್ಲೇ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ ಯಂತ್ರ ಅದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬುಷಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ ಇವತ್ತು ದೊಡ್ಡ ಕಾರನ್ನು ಎಳೆಯೋದರ ಗುಟ್ಟು ಇಷ್ಟೇ, ಅದು ತನ್ನ ಅಳತೆಗಿಂತ ಹೆಚ್ಚು ಗಾಳಿ ಕುಡೀತಿದೆ.

ಗಾಳಿಯ ಬದಲು ನೀರು ಕುಡಿದರೆ? ಮಳೆಗಾಲದಲ್ಲಿ ಅಂಡರ್‌ಪಾಸ್ ತುಂಬಿದಾಗ ಆಗೋದು ಅದೇ. ಅದೇ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿ ಮುಚ್ಚಿ ಒತ್ತಿ. ಅರ್ಧದವರೆಗಾದರೂ ಹೋಗುತ್ತೆ. ನೀರು ತುಂಬಿ ಒತ್ತಿ. ಅಲ್ಲಾಡಲ್ಲ. ಮಾರುತಿ 800ರ ಆ 265 ಸಿಸಿ ಸಿಲಿಂಡರನ್ನೇ ನೋಡಿ, ಒಳಗಿನ ಗಾಳಿ ಒಂಬತ್ತನೇ ಒಂದು ಭಾಗಕ್ಕೆ ಕುಗ್ಗುತ್ತೆ ಅಂದುಕೊಂಡರೆ ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಬರೀ 33 ಮಿ.ಲೀ. ಅಡುಗೆಮನೆಯ ಟೇಬಲ್ ಸ್ಪೂನ್ ಲೆಕ್ಕದಲ್ಲಿ ಎರಡು ಚಮಚಕ್ಕಿಂತ ತುಸು ಹೆಚ್ಚು. ಅದಕ್ಕಿಂತ ಜಾಸ್ತಿ ನೀರು ಸೇರಿದರೆ ಪಿಸ್ಟನ್ ಮೇಲಕ್ಕೆ ಬರೋಕಾಗಲ್ಲ. ಸ್ಟಾರ್ಟರ್ ಮೋಟಾರು ಅಥವಾ ಪಕ್ಕದ ಸಿಲಿಂಡರಿನ ಬಲ ಅದನ್ನು ದಬ್ಬಿದರೆ ಬಗ್ಗೋದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಮೆಕ್ಯಾನಿಕ್‌ಗಳು ಇದಕ್ಕೆ ಹೈಡ್ರೊಲಾಕ್ ಅಂತಾರೆ. ಡೀಸೆಲ್‌ನಲ್ಲಿ ಉಳಿಯುವ ಜಾಗ ಇನ್ನೂ ಕಿರಿದು, ಅಪಾಯ ಇನ್ನೂ ಹೆಚ್ಚು.

ನೀರಿಗಿಳಿದಾಗ ಎಲ್ಲರೂ ಸೈಲೆನ್ಸರ್ ಬಗ್ಗೆ ಹೆದರ್ತಾರೆ. ಎಂಜಿನ್ ಉಸಿರೆಳೆಯೋದು ಮುಂದಿನಿಂದ. ಗಾಳಿ ಕೊಳವೆಯ ಬಾಯಿ ಎಷ್ಟೋ ಕಾರುಗಳಲ್ಲಿ ಗ್ರಿಲ್ ಹಿಂದೆ, ಹೆಡ್‌ಲೈಟ್ ಪಕ್ಕ ಇರುತ್ತೆ. ಬಿಡುವಿದ್ದಾಗ ಬಾನೆಟ್ ತೆಗೆದು ನಿಮ್ಮ ಕಾರಿನಲ್ಲಿ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ವೇಗವಾಗಿ ನುಗ್ಗಿದರೆ ಎದುರಿಗೆ ಏಳುವ ಅಲೆ ಅಲ್ಲಿಗೇ ತಲುಪುತ್ತೆ. ನೀರು ಬಂಪರ್ ಮುಟ್ಟುವಂತಿದ್ದರೆ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಇಳಿಯಬೇಡಿ.

ಇಳಿದು, ಮಧ್ಯದಲ್ಲಿ ಎಂಜಿನ್ ಆಫ್ ಆಯಿತು ಅನ್ನಿ. ಆಫ್ ಮಾಡಿ ಆನ್ ಮಾಡೋದು ನಮ್ಮ ವೃತ್ತಿಯ ಮೊದಲ ಮದ್ದು. ಇಲ್ಲಿ ಮಾತ್ರ ಸ್ಟಾರ್ಟ್ ಬಟನ್ ಮುಟ್ಟಲೇಬೇಡಿ. ಮೊದಲು ಜನ ಹೊರಗೆ ಬನ್ನಿ, ಕಾರು ಆಮೇಲೆ. ನೀರಿಳಿದ ಮೇಲೆ ತಳ್ಳಿ ಅಥವಾ ಟೋ ಮಾಡಿಸಿ. ಮೆಕ್ಯಾನಿಕ್ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಎಂಜಿನ್ ತಿರುಗಿಸಿದರೆ ಒಳಗಿನ ನೀರು ಪ್ಲಗ್ ತೂತಿನಿಂದ ಚಿಮ್ಮಿ ಹೊರಬರುತ್ತೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲೂ ನೀರು ಸೇರಿದೆ, ಪೂರ್ತಿ ಬದಲಾಯಿಸಬೇಕು. ರಾಡ್ ಬಗ್ಗದೇ ಇದ್ದರೆ ಇಷ್ಟರಲ್ಲೇ ಪಾರಾಗಬಹುದು. ಹಾಗೇ ಕಾರಿನ ಇನ್ಶೂರೆನ್ಸ್ ಪಿಡಿಎಫ್ ಮೇಲ್‌ನಲ್ಲಿ ಎಲ್ಲೋ ಬಿದ್ದಿರುತ್ತೆ, ಹುಡುಕಿ ತೆಗೆದು 'ಎಂಜಿನ್ ಪ್ರೊಟೆಕ್ಷನ್' ಅನ್ನೋ ಆಡ್-ಆನ್ ಇದೆಯಾ ನೋಡಿ. ಅದಿಲ್ಲದ ಸಾಮಾನ್ಯ ಪಾಲಿಸಿಗಳಲ್ಲಿ ಹೈಡ್ರೊಲಾಕ್‌ನಿಂದ ಹಾಳಾದ ಎಂಜಿನ್ನಿನ ಖರ್ಚು ಸಾಮಾನ್ಯವಾಗಿ ಮಾಲೀಕರ ತಲೆಗೇ ಬರುತ್ತೆ.