ಹಾಳೆಯ ಎರಡು ಮಗ್ಗಲು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಶಾಲೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಪಂಚಾಯತಿಯ ಕಚೇರಿಗಳಲ್ಲಿಯೂ ಕೆಲಸಮಾಡುತ್ತಿರುವರು. ಪಾಲಕರ ಮನೆಗಳಲ್ಲಿಯೂ ಚಿಕ್ಕ ಪ್ರಿಂಟರುಗಳು ಬಂದಿವೆ. ಒಂದು ಹಾಳೆಯ ಎರಡೂ ಮಗ್ಗಲಿಗೆ ಮುದ್ರಿಸಿದರೆ ಕಾಗದದ ಖರ್ಚು ಅರ್ಧಕ್ಕೆ ಇಳಿಯುವದೆಂಬದನ್ನು ಎಲ್ಲರೂ ಬಲ್ಲರು. ಆದರೆ ಅದರಲ್ಲಿ ಬರುವ ತೊಡಕುಗಳನ್ನು ಪಟ್ಟವರೇ ಬಲ್ಲರು. ನಾವಂತೂ ತಪ್ಪು ಮಾಡಿಯೇ ಕಲಿತೆವು. ಆದ ಕಾರಣ ಮೊದಲು ಆ ತಪ್ಪನ್ನು ಹೇಳಿಬಿಡುವೆವು.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ಸಂಜೆ ಗಣಿತದ ಪ್ರಶ್ನಪತ್ರಿಕೆಯನ್ನು ಕಚೇರಿಯಲ್ಲಿ ನಾವೇ ಕುಳಿತು ಅಚ್ಚುಮಾಡಿದೆವು. ಆಗಿನ ಯಂತ್ರವು ಹಾಳೆಯನ್ನು ತಾನಾಗಿ ಮಗುಚುತ್ತಿರಲಿಲ್ಲ. 60 ಹಾಳೆಗಳ ಒಂದು ಮಗ್ಗಲನ್ನು ಮುದ್ರಿಸಿ, ಕಟ್ಟನ್ನು ತಿರುವಿ ಟ್ರೇಯಲ್ಲಿಟ್ಟು, ಎರಡನೆಯ ಮಗ್ಗಲಿಗೆ ಅಪ್ಪಣೆ ಕೊಟ್ಟೆವು. 59 ಪ್ರತಿಗಳಾದ ಮೇಲೆ ಯಂತ್ರವು ನಿಂತು ಕಾಗದ ಬೇಕೆಂದು ಸೂಚಿಸಿತು. ನಾವು ವಿಚಾರಮಾಡದೆ ಒಂದು ಬಿಳಿಯ ಹಾಳೆಯನ್ನು ಕೊಟ್ಟೆವು. ಹಾಗೆ ಹೊರಬಂದ ಒಮ್ಮಗ್ಗಲ ಹಾಳೆಯನ್ನು ಹೆಚ್ಚಾದದ್ದೆಂದು ಬುಟ್ಟಿಗೆ ಹಾಕಿದೆವು. ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಕೂಡಿಯೇ ಒಳಗೆ ಹೋಗಿದ್ದವು. ಅವುಗಳಲ್ಲಿ ಒಂದರ ಬೆನ್ನು ಖಾಲಿಯಾಗಿ ಉಳಿದಿತ್ತು.

ಆ ಹಾಳೆಯು ಒಬ್ಬ ಹುಡುಗಿಯ ಪಾಲಿಗೆ ಬಂದಿತು. ಆಕೆ ಇದ್ದಷ್ಟನ್ನು ಬಿಡಿಸಿ, ಪ್ರಶ್ನೆಗಳು ಈ ಸಲ ಇಷ್ಟೇ ಎಂದು ತಿಳಿದು, ಉಳಿದ ಹೊತ್ತೆಲ್ಲ ಕೈಕಟ್ಟಿ ಕುಳಿತಳು. ಹೊರಗೆ ಬಂದು ಗೆಳತಿಯರ ಮಾತು ಕೇಳಿದ ಮೇಲೆ ತನ್ನ ಅಜಾಗ್ರತೆಯನ್ನೇ ಹಳಿದುಕೊಂಡು ಅತ್ತಳು. ಅಜಾಗ್ರತೆಯು ನಮ್ಮದಾಗಿತ್ತು. ಪುಟದ ಕೆಳಗೆ ‘ಪುಟ ತಿರುವಿರಿ’ ಎಂದು ಸಹ ನಾವು ಹಾಕಿರಲಿಲ್ಲ. ಮರುದಿನ ಆಕೆಗೆ ಬೇರೆ ಪ್ರಶ್ನೆಗಳನ್ನು ಕೊಟ್ಟು ಪುನಃ ಬರೆಯಿಸಿದೆವೆಂಬದು ನಿಜ. ಆದರೆ ಹಿಂದಿನ ದಿನದ ಅಳುವನ್ನು ಹಿಂದಕ್ಕೆ ತಕ್ಕೊಳ್ಳಲಾಗಲಿಲ್ಲ.

ಹಾಳೆಗಳು ಅಂಟಿಕೊಳ್ಳುವದೇಕೆ? ಲೇಸರ್ ಯಂತ್ರದಲ್ಲಿ ಮಸಿಯು ಪುಡಿಯ ರೂಪದಲ್ಲಿದ್ದು, ಸುಮಾರು 200 ಅಂಶದಷ್ಟು ಬಿಸಿಯಾದ ಉರುಳೆಯ ಕೆಳಗೆ ಕರಗಿ ಕಾಗದವನ್ನು ಹಿಡಿಯುವದು. ಆ ಬಿಸಿಗೆ ಕಾಗದದ ತೇವವು ಆರಿ ಅಂಚುಗಳು ಸುರುಳಿಗೊಳ್ಳುವವು. ತಿಕ್ಕಾಟದಿಂದ ವಿದ್ಯುತ್ತಿನ ಅಂಶವೂ ಹಾಳೆಗಳಲ್ಲಿ ನಿಲ್ಲುವದು. ಇಂಥ ಕಟ್ಟನ್ನು ಬಿಸಿಬಿಸಿಯಾಗಿಯೇ ಮರಳಿ ತುಂಬಿದರೆ ಜೋಡಿಹಾಳೆಗಳು ಎಳೆಯಲ್ಪಡುವದು ಸಹಜ. ಕಟ್ಟನ್ನು ಐದು ಹತ್ತು ನಿಮಿಷ ಆರಗೊಟ್ಟು, ಇಸ್ಪೀಟಿನ ಎಲೆಗಳಂತೆ ಬಿಡಿಸಿ ಗಾಳಿಯಾಡಿಸಿ, ಸುರುಳಿಯನ್ನು ಕೈಯಿಂದ ನೇರ್ಪಡಿಸಿ, ಮೇಜಿಗೆ ಕುಟ್ಟಿ ಅಂಚು ಸಮಮಾಡಿ ಇಡತಕ್ಕದ್ದು. ಟ್ರೇಯನ್ನು ಕಂಠಮಟ್ಟ ತುಂಬಬಾರದು. ಶ್ರಾವಣದ ಜಿಟಿಮಳೆಯಲ್ಲಿ ಬಿಚ್ಚಿಟ್ಟ ಕಾಗದವು ಗಾಳಿಯ ತೇವವನ್ನು ಹೀರಿ ಮೆತ್ತಗಾಗುವದು. ರಿಮ್ಮಿನ ಹೊದಿಕೆಯಲ್ಲಿಯೇ ಸುತ್ತಿಡುವದು ಲೇಸು.

ನಾಲ್ಕು ಪುಟದ ಪತ್ರಿಕೆಯಾದರೆ ಅಪಾಯವು ಇನ್ನೂ ಹೆಚ್ಚು. 1, 3 ಎಂದು ಸರತಿಯಿಂದ ಮುದ್ರಿಸಿ, ತಿರುವಿ 2, 4 ಎಂದು ಮುದ್ರಿಸುವಾಗ ಒಂದು ಜೋಡಿ ಎಳೆಯಲ್ಪಟ್ಟರೆ ಅಲ್ಲಿಂದ ಮುಂದಿನ ಹಾಳೆಗಳೆಲ್ಲವೂ ತಪ್ಪಿ, ಮೂರನೆಯ ಪುಟದ ಬೆನ್ನಿಗೆ ಎರಡನೆಯದು ಬರುವದು. ನಾವು ಈಗ ಮೊದಲನೆಯ ಪುಟದ ಪ್ರತಿಗಳನ್ನೆಲ್ಲ ತೆಗೆದು, ತಿರುವಿ, ಎರಡನೆಯದನ್ನು ಮುಗಿಸಿ, ಆ ಮೇಲೆಯೇ ಮೂರನೆಯದಕ್ಕೆ ಹೋಗುವೆವು. ಯಂತ್ರವು ‘ಕಾಗದ ಸಾಲದು’ ಎಂದರೆ ಹೊಸ ಹಾಳೆ ಕೊಡದೆ, ಖಾಲಿ ಬೆನ್ನಿನ ಹಾಳೆಯನ್ನು ಹುಡುಕುವೆವು.

ಎರಡನೆಯ ಮಗ್ಗಲು ತಲೆಕೆಳಗಾಗಿ ಬರುವದು ಯಂತ್ರದ ದೋಷವಲ್ಲ. ಕಂಪ್ಯೂಟರು ‘ಉದ್ದನೆಯ ಅಂಚಿಗೆ ತಿರುವಲೋ, ಗಿಡ್ಡ ಅಂಚಿಗೆ ತಿರುವಲೋ’ ಎಂದು ಕೇಳುವದು. ನೆಟ್ಟಗಿನ ಹಾಳೆಯಾದರೆ ಉದ್ದನೆಯ ಅಂಚು ಪುಸ್ತಕದ ರೀತಿ. ಗಿಡ್ಡ ಅಂಚು ಗೋಡೆಯ ಕ್ಯಾಲೆಂಡರಿನ ರೀತಿ. ವೇಳಾಪತ್ರಿಕೆಯಂತೆ ಅಡ್ಡವಾಗಿ ಅಚ್ಚುಮಾಡುವಾಗ ಇದು ತಿರುಗುಮುರುಗಾಗುವದು: ಉದ್ದನೆಯ ಅಂಚಿಗೆ ತಿರುವಿದರೆ ಅಜ್ಜಂದಿರ ಕಾಲದ ಅಡ್ಡ ಪೋಥಿಯಂತೆ ಮೇಲಕ್ಕೆ ಎತ್ತಿ ಓದಬೇಕಾಗುವದು. ಹಾಳೆಯನ್ನು ನಡುವೆ ಮಡಚಿ ಪುಸ್ತಿಕೆ ಮಾಡತಕ್ಕವರು ಗಿಡ್ಡ ಅಂಚನ್ನೇ ಆರಿಸಬೇಕು.

ತಾನಾಗಿ ಮಗುಚುವ ಯಂತ್ರಗಳಲ್ಲಿ ಹಾಳೆಯು ಅರ್ಧ ಹೊರಬಂದು ಮತ್ತೆ ಒಳಗೆ ಹೋಗುವದು. ಮುಗಿಯಿತೆಂದು ಆತುರದಿಂದ ಎಳೆಯುವವರೇ ಬಹಳ. ಹಾಗೆ ಎಳೆದರೆ ಹಾಳೆ ಹರಿದು ತುಂಡು ಒಳಗೆ ಉಳಿಯುವದು. ಮಸಿನೀರಿನ ಯಂತ್ರಗಳು ಮೊದಲ ಮಗ್ಗಲು ಆರುವ ತನಕ ಬೇಕೆಂತಲೇ ತಡೆಯುವವು. ಸಿಕ್ಕಿಕೊಂಡ ಹಾಳೆಯನ್ನು ತೆಗೆಯಬೇಕಾದಲ್ಲಿ ವಿದ್ಯುತ್ತು ಆರಿಸಿ, ಬಿಸಿ ತಣಿದ ಮೇಲೆ, ಹಿಂದಿನ ಬಾಗಿಲು ತೆರೆದು ಎರಡೂ ಕೈಗಳಿಂದ ಸಾವಕಾಶವಾಗಿ ಎಳೆಯತಕ್ಕದ್ದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎರಡು ಮಗ್ಗಲಿನ ಮುದ್ರಣವು ನಡೆಯದು. ನಮ್ಮೂರಿನ ಅರಳೆಯ ಹಂಗಾಮಿನಲ್ಲಿ ಧೂಳು ಹೆಚ್ಚು. ರಬ್ಬರಿನ ಉರುಳೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಎಷ್ಟೋ ರೋಗಗಳು ವಾಸಿಯಾಗುವವು.

ಎರಡು ಮಗ್ಗಲಿನ ಆಯ್ಕೆಯೇ ಮಸುಕಾಗಿ, ಒತ್ತಲಿಕ್ಕೆ ಬಾರದಂತಿದ್ದರೆ ಕಾಗದದ ಅಳತೆಯನ್ನು ನೋಡಿರಿ. ಟ್ರೇಯಲ್ಲಿ ಎ4, ಅಂದರೆ 210ಕ್ಕೆ 297 ಮಿಲಿಮೀಟರಿನ ಹಾಳೆಯಿದ್ದು, ಕಂಪ್ಯೂಟರಿನಲ್ಲಿ ಬೇರೆ ಅಳತೆ ಇರುವದುಂಟು. ನಮ್ಮ ಕಚೇರಿಗಳಿಗೆ ಪ್ರಿಯವಾದ ಉದ್ದನೆಯ ಲೀಗಲ್ ಹಾಳೆಯನ್ನು ಕೆಲವು ಸಣ್ಣ ಯಂತ್ರಗಳು ಮಗುಚಲಾರವು; ರಟ್ಟನ್ನೂ ಲಕೋಟೆಯನ್ನೂ ಸಹ ಹಾಗೆಯೇ. ಇವೆಲ್ಲ ಸರಿಯಿದ್ದರೆ ಕಂಪ್ಯೂಟರಿನಲ್ಲಿ ಆ ಯಂತ್ರದ ಸ್ವಂತ ಡ್ರೈವರ್ ಹಾಕಿದೆಯೋ, ಅದರ ಸೆಟ್ಟಿಂಗಿನಲ್ಲಿ ಮಗುಚುವ ಭಾಗವನ್ನು ‘ಇದೆ’ ಎಂದು ತೋರಿಸಿದೆಯೋ ಎಂಬದನ್ನು ವಿಚಾರಿಸಬೇಕು.

ಎರಡು ಮಗ್ಗಲಿನ ಸಾಲುಗಳು ಒಂದಕ್ಕೊಂದು ಕೂದಲೆಳೆಯಷ್ಟು ಸರಿದಿರುವದಕ್ಕೆ ಬೇಸರಪಡಬಾರದು. ಬಿಸಿಗೆ ಕಾಗದವು ತುಸು ಕುಗ್ಗುವದರಿಂದ ಅದು ತಪ್ಪದು. ಇದು ಹೊಸ ಪೇಚಾಟವೂ ಅಲ್ಲ. ಹಿಂದೆ ಕೈಯಚ್ಚಿನ ಯಂತ್ರದವರು ಕಾಗದವನ್ನು ತೋಯಿಸಿ, ಚಿಕ್ಕ ಮುಳ್ಳುಗಳಿಗೆ ಚುಚ್ಚಿ ಒಂದು ಮಗ್ಗಲು ಒತ್ತಿ, ಅವೇ ತೂತುಗಳನ್ನು ಅವೇ ಮುಳ್ಳುಗಳಿಗೆ ಕೂಡಿಸಿ ಎರಡನೆಯದನ್ನು ಒತ್ತುತ್ತಿದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣವು 1841ರಲ್ಲಿ ಕಲ್ಲಚ್ಚಿನಿಂದ ಮೊದಲಾಯಿತು. 1843ರಲ್ಲಿ ಮೋಗ್ಲಿಂಗರ ‘ಮಂಗಳೂರು ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಟಿತು. ಅದೇ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಬಂದಿತು. ಅಂಥ ದೊಡ್ಡ ಗ್ರಂಥದ ಪ್ರತಿ ಹಾಳೆಗೂ ಎರಡು ಮಗ್ಗಲು ಇದ್ದವೆಂಬದನ್ನು ನೆನೆದರೆ ನಮ್ಮ 60 ಪ್ರತಿಗಳ ಗೋಳು ಸಣ್ಣದಾಗಿ ಕಾಣುವದು.

ಹಾಳೆಯನ್ನು ಯಾವ ಮುಖವಾಗಿ ಇಡತಕ್ಕದ್ದೆಂಬದು ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಖಾಲಿ ಹಾಳೆಯ ಮೇಲ್ಮುಖದಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಬರೆದು, ಬಾಣವು ಯಂತ್ರದ ಕಡೆಗಿರುವಂತೆ ಇಟ್ಟು ಒಂದು ಪುಟ ಮುದ್ರಿಸಿರಿ. ಅಚ್ಚು ಗುರುತಿನ ಮಗ್ಗಲಿಗೆ ಬಂತೋ ಬೆನ್ನಿಗೆ ಬಂತೋ, ಬಾಣದ ತುದಿಯು ಪುಟದ ತಲೆಯ ಕಡೆಗಿದೆಯೋ ಕಾಲಿನ ಕಡೆಗಿದೆಯೋ ಎಂಬದನ್ನು ನೋಡಿ, ಚೀಟಿ ಬರೆದು ಯಂತ್ರಕ್ಕೆ ಅಂಟಿಸಿರಿ. ನಮ್ಮ ಕಚೇರಿಯ ಯಂತ್ರದ ಮೇಲೆ ಇಂಥ ಚೀಟಿಯುಂಟು. ಅದರ ಕೆಳಗೆ ‘ಹಾಳೆ ಎಣಿಸಿ, ಪ್ರತಿಯೊಂದನ್ನೂ ತಿರುವಿ ನೋಡಿರಿ’ ಎಂದು ಕೆಂಪು ಮಸಿಯಲ್ಲಿ ಬರೆದದ್ದು ನಮ್ಮ ಕೈಬರಹ.